ಒಳಗೆ ಬಿಟ್ಟ ಬಟ್ಟೆ

ಇಚಿನೊಮಿಯಾದಲ್ಲಿ ಉಣ್ಣೆಯ ಮಗ್ಗಗಳು
ಒಂದೊಂದಾಗಿ ಬಾಯಿ ಮುಚ್ಚಿದ ವರ್ಷ
ನಾನು ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದೆ.
ನೀಲಿ. ಬರೀ ನೀಲಿ. ಮುನ್ನೂರು ಲಂಗ, ಮುನ್ನೂರು ಕಾಲರು.
ಆಗ ಬಂದರು ಆ ನಾಲ್ವರು
ಹುಬ್ಬು ಬೋಳಿಸಿಕೊಂಡು, ಕೈಯಲ್ಲಿ
ಮದುವೆ ಹಾಲಿನವರು ಎಸೆದ ಕೆಂಪು ಮಖಮಲ್ಲಿನ ಪರದೆ.

ತಂಡದ ಹೆಸರು ಯೊನಾಕಿ:
ನಡುರಾತ್ರಿ ಕಾರಣವಿಲ್ಲದೆ ಅಳುವ ಕೂಸಿನ ಅಳು.
ಕಾರಣ ಇದ್ದೇ ಇರುತ್ತೆ, ಅಂದೆ. ಎರಡು ಹೆತ್ತವಳು.
ಯಾರೂ ನಗಲಿಲ್ಲ. ನಕ್ಕರೆ
ತುಟಿಯ ಕಪ್ಪು ಬಿರಿಯುತ್ತಿತ್ತು.

ಹಾಡುವವನು ವೇದಿಕೆಯ ಮೇಲೆ ತ್ಸುಯು, ಅಂದರೆ ಇಬ್ಬನಿ.
ನನ್ನ ಅಳತೆ ಪುಸ್ತಕದಲ್ಲಿ ಹಿರಾಬಯಾಶಿ ಕುನಿತೊಶಿ,
ಸೊಂಟ ಅರವತ್ತೆರಡು ಸೆಂಟಿಮೀಟರು.
ಗಂಡಸಿಗೆ ಇಷ್ಟೇನಾ ಎಂದು ಎರಡು ಸಲ ಟೇಪು ಹಿಡಿದೆ.
ಊಟ ಮಾಡ್ತೀಯೋ ಇಲ್ಲವೋ?
ದುಡ್ಡೆಲ್ಲ ಹೇರ್‌ಸ್ಪ್ರೇಗೆ ಹೋಗುತ್ತೆ, ಅಂದ.

ಆಲ್ಬಮ್ಮಿಗೆ ಅವರಿಟ್ಟ ಹೆಸರು
ಸತ್ತ ಪತಂಗಗಳ ವಿಳಾಸ ಪುಸ್ತಕ.
ನಗೊಯಾದಲ್ಲಿ, ಪಾಚಿಂಕೊ ಅಂಗಡಿಯ ಮೇಲಿನ ಕೋಣೆಯಲ್ಲಿ
ನಾಲ್ಕು ರಾತ್ರಿಗೆ ಮುಗಿಸಿದರು.
ಮೂರನೆಯ ರಾತ್ರಿ ಫೋನು: ನಾಳೆ ಫೋಟೊ, ತೋಳು ಹರಿದಿದೆ.
ಯಂತ್ರ ಹೊತ್ತು ಕೊನೆಯ ರೈಲು ಹತ್ತಿದೆ.
ಓಣಿಯಲ್ಲಿ ಕೂತೆ. ಸ್ಟುಡಿಯೊ ಬಾಗಿಲು
ಪೂರ್ತಿ ಮುಚ್ಚುತ್ತಿರಲಿಲ್ಲ.

ಐದನೆಯ ಹಾಡಿಗೆ ಮೊದಲು
ಹನ್ನೊಂದು ಸೆಕೆಂಡು ಕೇಳುತ್ತದಲ್ಲ, ಆ ಟಕಟಕ,
ಮಳೆ ಅಂದವರುಂಟು, ಹಲ್ಲು ಕಡಿಯುವ ಸದ್ದು ಅಂದವರುಂಟು.
ಎರಡೂವರೆ ಸಾಲಿನ ವಿಮರ್ಶೆಯಲ್ಲಿ ಒಂದು ಪತ್ರಿಕೆ
ಅಗ್ಗದ ಡ್ರಮ್ ಯಂತ್ರ ಅಂತ ಬರೆಯಿತು.
ಅದು ನನ್ನ ಹೊಲಿಗೆ ಯಂತ್ರ.
ಎಡತೋಳು, ಮೊಣಕೈಯಿಂದ ಮಣಿಕಟ್ಟಿನವರೆಗೆ.

ಸಾವಿರ ಪ್ರತಿ. ಮಾರಿದ್ದು ಇನ್ನೂರ ಹದಿಮೂರು.
ಉಳಿದವು ಡ್ರಮ್ಮಿನವನ ಸೋದರಮಾವನ ಮಿಸೊ ಉಗ್ರಾಣಕ್ಕೆ,
ಕಲ್ಲು ಹೇರಿದ ಪೀಪಾಯಿಗಳ ನಡುವೆ.
ಮಿಸೊ ಎರಡು ವರ್ಷಕ್ಕೆ ಹದಕ್ಕೆ ಬಂತು.
ಹಾಡುಗಳ ಮುಚ್ಚಳ ಯಾರೂ ತೆಗೆದು ನೋಡಲಿಲ್ಲ.
ನನ್ನ ಪ್ರತಿ ಇವತ್ತಿಗೂ ಹುಳಿತ ಸೋಯಾ ನಾರುತ್ತದೆ.
ಕೃತಜ್ಞತೆಯ ಪುಟದಲ್ಲಿ ತಂತಿ ಮಾರಿದ ಅಂಗಡಿಯಿದೆ,
ಗಿಟಾರಿನವನ ಬೆಕ್ಕಿದೆ. ನಾನಿಲ್ಲ.
ಇರಲಿ, ಬೆಕ್ಕು ಒಳ್ಳೆಯದು.

ಆಲ್ಬಮ್ ಚೆನ್ನಾಗಿತ್ತಾ? ನನ್ನನ್ನು ಕೇಳಬೇಡಿ,
ನಾನು ನೂಲಿನ ಗಿರಣಿಯ ರೇಡಿಯೊ ಕೇಳಿ ಬೆಳೆದವಳು.
ಆದರೆ ಏಳನೆಯ ಹಾಡಿನಲ್ಲಿ
ಒಕಾಎರಿ ಅನ್ನುತ್ತಾನೆ, ಬಂದೆಯಾ, ಅಂತ.
ಯಾರೂ ಬರದ ಮನೆಯಲ್ಲಿ ಅನ್ನುವ ಹಾಗೆ ಎಳೆಯುತ್ತಾನೆ,
ದನಿ ಒಡೆಯುತ್ತದೆ,
ಒಡೆದದ್ದನ್ನು ಅಳಿಸದೆ ಹಾಗೇ ಬಿಟ್ಟಿದ್ದಾರೆ.
ಹೊಲಿಗೆ ಬಿಚ್ಚಿದಲ್ಲಿ ಅಂಗಿ ಮೈ ತೋರಿದ ಹಾಗೆ.

ಹೋದ ನವೆಂಬರಿನಲ್ಲಿ ಪಾರ್ಸೆಲ್ ವ್ಯಾನೊಂದು ನಿಂತಿತು.
ಸಹಿ ಹಾಕಲು ಮುದ್ರೆ ಹಿಡಿದು ಹೋದರೆ ಪಾರ್ಸೆಲ್ಲೇ ಇಲ್ಲ.
ಟೋಪಿಯ ಕೆಳಗೆ ನರೆ,
ಬೋಳಿಸಿದ ಹುಬ್ಬು ಪೂರ್ತಿ ಮರಳಿಲ್ಲ,
ಕೈಚೀಲದಲ್ಲಿ ಆ ಮಖಮಲ್ಲು.
ಒಂದೇ ರಾತ್ರಿ, ಅಂದ. ನಲವತ್ತು ಜನ ಬಂದರೆ ಹೆಚ್ಚು.
ಬೇಸಿನವನಿಗೆ ಒಂದು ಕಿವಿ ಕೇಳಿಸುವುದಿಲ್ಲ, ಬರುತ್ತಾನೆ.
ಇದು ಆಗುತ್ತಾ?

ಎಂಬತ್ತನಾಲ್ಕು.

ಸಮವಸ್ತ್ರ ಹೊಲಿದ ಕೈ. ಮಕ್ಕಳು ಬೆಳೆಯುತ್ತವೆ,
ಒಳಗೆ ಬಟ್ಟೆ ಬಿಡದಿದ್ದರೆ ತಾಯಂದಿರು ಬೈಯುತ್ತಾರೆ.
ಅವನಿಗೂ ಬಿಟ್ಟಿದ್ದೆ, ಪ್ರತಿ ಹೊಲಿಗೆಯಲ್ಲೂ, ಕೇಳದೆಯೇ.
ಬ್ಲೇಡಿನಿಂದ ದಾರ ಕತ್ತರಿಸಿದೆ.
ಹೊರಗೆ ಇಟ್ಟಿಗೆಪುಡಿಯ ಬಣ್ಣಕ್ಕೆ ಇಳಿದ ಬಟ್ಟೆ,
ಮಡಿಕೆಯೊಳಗೆ ಮಾತ್ರ
ಒಂದು ದೀಪವನ್ನೂ ಕಾಣದ ಕೆಂಪು,
ಉದ್ದುದ್ದ ನಾಲ್ಕು ಪಟ್ಟಿ.

ಪಟ್ಟಿ ಕಾಣುತ್ತಾ ಜನಕ್ಕೆ? ಅಂದ.
ಕಾಣುತ್ತೆ, ಅಂದೆ.

ಹೊರಗೆ ವ್ಯಾನಿನ ದೀಪ ಮಿಟುಕುತ್ತಿತ್ತು,
ಇನ್ನೂ ಯಾರ‍್ಯಾರದೋ ಪೆಟ್ಟಿಗೆಗಳಿದ್ದವು ಅದರಲ್ಲಿ.
ನಾನು ಯಂತ್ರ ತುಳಿದೆ.
ಅವನು ಟೋಪಿ ತೆಗೆದು, ತಲೆ ವಾಲಿಸಿ
ಏನೋ ಎಣಿಸುತ್ತ ನಿಂತ.
ಹನ್ನೊಂದಕ್ಕೆ ಉಸಿರು ಎಳೆದುಕೊಂಡ.