ಕಾರಣದ ಕಾಲಂ

ಕೈ ತೊಡೆಯ ಮೇಲಿರಲಿ ಎಂದಿದ್ದಾರೆ.
ಸ್ಟೇರಿಂಗು ತಾನೇ ತಿರುಗುತ್ತದೆ, ಮುಟ್ಟಬಾರದು;
ತಪ್ಪಿದರೆ ಮಾತ್ರ ಮುಟ್ಟಬೇಕು.
ತಪ್ಪಿದ್ದು ಯಾವಾಗ ಅಂತ
ಇಪ್ಪತ್ತೆರಡು ವರ್ಷ ಹಳದಿ ಬೋರ್ಡು ಓಡಿಸಿದವನು ಹೇಳಬೇಕಂತೆ.
ಅದಕ್ಕೇ ಸಂಬಳ. ಏಳನೇ ತಾರೀಖು, ತಪ್ಪದೆ.

ಹೆಣ್ಣೂರಿಂದ ಬಾಗಲೂರು, ಮತ್ತೆ ವಾಪಸು,
ದಿನಕ್ಕೆ ಒಂಬತ್ತು ಸಲ.
ಹಿಂದಿನ ಸೀಟಲ್ಲಿ ಲ್ಯಾಪ್‌ಟಾಪು ಹಿಡಿದ ಶರ್ವಾಣಿ:
"ಈಗ ಯಾಕೆ ಬ್ರೇಕ್ ಒತ್ತಿದ್ರಿ, ರುದ್ರಮುನಿಯವರೇ?"
ಯಾಕೆ?
ಆ ಟೆಂಪೋದವನ ಭುಜ ನೋಡಿದೆ, ಮೇಡಂ.
ಇಂಡಿಕೇಟರು ಎಡಕ್ಕೆ ಮಿನುಗುತ್ತಿತ್ತು, ಭುಜ ಬಲಕ್ಕೆ ವಾಲಿತ್ತು.
ಬರೆದುಕೊಂಡಳು: ಭುಜ.

ಹೀಗೇ ಎಷ್ಟೋ ಬರೆದುಕೊಂಡಿದ್ದಾಳೆ.
ಬಾಳೆಲೆ ಹೇರಿದ ಟಿವಿಎಸ್ಸು ಹಿಂದೆ ನೋಡುವುದಿಲ್ಲ.
ಗುಂಡಿಯಲ್ಲಿ ನೆಟ್ಟ ಬೇವಿನ ಕೊಂಬೆ
ಯಾರೋ ಬಿದ್ದೆದ್ದವನು ಬರೆದಿಟ್ಟ ಕಾಗದ.
ಅಂಗೈ ಎತ್ತಿ ರಸ್ತೆಗಿಳಿದ ಹೆಂಗಸು
ನಮ್ಮನ್ನು ತಡೆಯುತ್ತಿಲ್ಲ, ನಂಬುತ್ತಿದ್ದಾಳೆ.

ಏರ್‌ಪೋರ್ಟು ಪಾರ್ಕಿಂಗಿನಲ್ಲಿ ಸೀಟು ಚಾಚಿ
ಟ್ರಿಪ್ಪಿಗೆ ಕಾದು ಮಲಗಿದ ಇಮ್ತಿಯಾಜ್, ಚಿಕ್ಕಹನುಮ, ಫ್ರಾನ್ಸಿಸ್
ನನ್ನ ಕಂಡರೆ ಎದ್ದು ಕೂರುತ್ತಾರೆ.
"ಏನಣ್ಣಾ, ಎಷ್ಟು ಕಲೀತು ನಿನ್ನ ಮರಿ?"
ನಗುತ್ತಾರೆ, ಚಹಾ ಕೊಡಿಸುತ್ತಾರೆ.
ಫ್ರಾನ್ಸಿಸನ ಕಾರಿಗಿನ್ನೂ ಮೂವತ್ತೊಂದು ಕಂತು.
ಈಚೆಗೆ ಅವನು ಲೋಟ ನೋಡುತ್ತಾ ಕುಡಿಯುತ್ತಾನೆ.

ನಿಜವನ್ನೂ ಹೇಳಬೇಕು: ಅದಕ್ಕೆ ನಿದ್ದೆ ಬರುವುದಿಲ್ಲ.
ನನಗೆ ಬಂದಿತ್ತು ಒಮ್ಮೆ, ಸಾದಹಳ್ಳಿ ಟೋಲಿನಾಚೆ,
ಹದಿನಾರನೇ ಗಂಟೆಯ ಡ್ಯೂಟಿಯಲ್ಲಿ, ನಸುಕಿನ ಮೂರೂವರೆಗೆ.
ಹಿಂದೆ ಒಬ್ಬ ಬಾಣಂತಿ, ಅವಳ ತಾಯಿ, ಹತ್ತು ದಿನದ ಕೂಸು.
ಏನೂ ಆಗಲಿಲ್ಲ.
ಯಾರಿಗೂ ಹೇಳಿಲ್ಲ.

ಆಯುಧಪೂಜೆಗೆ ಕಂಪನಿಯವರೂ ಬಾಳೆಕಂದು ಕಟ್ಟಿದರು.
ಕ್ಯಾಮೆರಾದ ಕಣ್ಣು ಮುಚ್ಚದ ಹಾಗೆ ಚೆಂಡುಹೂವಿನ ಹಾರ.
ಬೂದುಗುಂಬಳ ನಾನೇ ಒಡೆದೆ, ಕುಂಕುಮ ಕಾಲಿಗೆಲ್ಲ.
ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು.
"ಹೂಂ, ಹೊರಡಲಿ" ಅಂದರು ಮ್ಯಾನೇಜರು.

ಹೊರಡಲಿಲ್ಲ.
ಪರದೆಯ ಮೇಲೆ ಕೆಂಪಕ್ಷರ: ದಾರಿಯಲ್ಲಿ ಏನೋ ಇದೆ.
ಮತ್ತೆ ಒತ್ತಿದರು. ಮತ್ತೆ: ಏನೋ ಇದೆ.
ಎಲ್ಲರೂ ನಕ್ಕರು, ಕೆಲವರು ಫೋನು ತೆಗೆದರು.
ನನಗೆ ಮಾತ್ರ ಅದರ ಮೇಲೆ ಎಂಥದೋ ಮಮತೆ ಉಕ್ಕಿತು,
ಮೊದಲ ದಿನ ಕ್ಲಚ್ಚು ಬಿಡಲು ಹೆದರಿದ ಹುಡುಗನ ಮೇಲೆ ಉಕ್ಕುವಂಥದ್ದು.

ಹತ್ತಿ ಕೂತೆ. ಕೈ ತೊಡೆಯಿಂದೆದ್ದು
ತನ್ನ ಜಾಗಕ್ಕೆ ಹೋಯಿತು.
ಮೆಲ್ಲಗೆ ಬಿಟ್ಟೆ.
ಪಚಕ್.

ಊಟದೆಲೆ ಹಾಕುವ ಹೊತ್ತಿಗೆ ಶರ್ವಾಣಿ ಬಂದಳು:
"ಇದನ್ನು ಏನಂತ ಬರೀಲಿ?"
ನಿಂಬೆಹಣ್ಣು ಅಂತ ಬರೀರಿ.
"ಅದು ಬರೆದೆ. ಕಾರಣ?"
ಕೈ ಮೂಸಿಕೊಂಡೆ. ಹುಳಿಯ ವಾಸನೆ, ಕುಂಕುಮದ್ದು, ಗ್ರೀಸಿನದು.
ಊಟ ಆಗಲಿ, ಮೇಡಂ, ಅಂದೆ.