ಅನಾನಸು ತಿಂದ ಹೆಬ್ಬೆಟ್ಟು

ಮಶೀನು ಮತ್ತೆ ಕೆಂಪಾಯಿತು.
'ಒರೆಸಿ ಇಡು' ಅಂದೆ. ಸೆರಗಿಗೆ ಒರೆಸಿದಳು.
'ತುಸು ಒತ್ತು.' ಒತ್ತಿದಳು
ಉಗುರು ಬೆಳ್ಳಗಾಗುವಷ್ಟು.
ಬನವಾಸಿ ಸೊಸೈಟಿಯ ಈ ಕಿಟಕಿಯಲ್ಲಿ
ಹದಿನಾಲ್ಕು ವರ್ಷದಿಂದ ಅಕ್ಕಿ ತೂಗುವ ನನಗೆ
ದ್ಯಾವಮ್ಮ ಗೊತ್ತು, ಅವಳ ಗಂಡ ಸತ್ತ ವಾರ ಗೊತ್ತು,
ಚೀಲದ ತೇಪೆ ಯಾವ ಸೀರೆಯದು ಅಂತಲೂ ಗೊತ್ತು.
ಮಶೀನಿಗೆ ಗೊತ್ತಿಲ್ಲ.
'ಹೊಂದಾಣಿಕೆಯಾಗುತ್ತಿಲ್ಲ' ಅನ್ನುತ್ತದೆ
ಹೆಣ್ಣು ನೋಡಿ ಹೋದ ಮನೆಯವರ ಹಾಗೆ,
ಕಾರಣ ಹೇಳದೆ.

ಏಪ್ರಿಲಿನಿಂದ ಮಳೆ ಹಿಡಿಯುವವರೆಗೆ
ಅನಾನಸು ಹೆಚ್ಚುವ ಶೆಡ್ಡಿನಲ್ಲಿ ಅವಳ ಕೆಲಸ.
ದಿನಕ್ಕೆ ಇನ್ನೂರು ಹಣ್ಣು.
ಜುಟ್ಟು ಮುರಿ, ಸಿಪ್ಪೆ ಕೆತ್ತು, ಕಣ್ಣು ಕೀಳು, ಚಕ್ರ ಮಾಡು.
ಮೊಣಕೈವರೆಗೂ ರಸ.
ಕೈಗವಸು ಕೊಟ್ಟಿದ್ದರಂತೆ ಮೊದಲ ವಾರ;
ಹರಿದ ಮೇಲೆ ಯಾರೂ ಕೇಳಲಿಲ್ಲ, ಯಾರೂ ಕೊಡಲಿಲ್ಲ.

ನಾನು ಶಿರಸಿಯಲ್ಲಿ ಎರಡು ವರ್ಷ ಬಿಎಸ್ಸಿ ಓದಿ ಬಿಟ್ಟವನು.
ಬಿಟ್ಟದ್ದರಲ್ಲಿ ಉಳಿದದ್ದು ಒಂದೇ ಪಾಠ:
ಕಿಣ್ವ. ಮಡಿಕೆ ಮಡಿಕೆಯಾದ ಮೈ, ಮೈಯಲ್ಲೊಂದು ಕುಳಿ.
ಕುಳಿಗೆ ಕೂರುವಂಥದು ಬಂದರೆ ಮಾತ್ರ ಹಿಡಿಯುತ್ತದೆ,
ತಾನೂ ತುಸು ಮಣಿಯುತ್ತದೆ,
ಒಂದನ್ನು ಎರಡು ಮಾಡಿ ಬಿಟ್ಟುಬಿಡುತ್ತದೆ.
ಮತ್ತೆ ಖಾಲಿ. ಮತ್ತೆ ಮುಂದಿನದು.
ಬೆಂಕಿಯಿಲ್ಲ, ಸದ್ದಿಲ್ಲ,
ತಂತಾನೇ ಆಗಲು ನೂರು ವರ್ಷ ಬೇಕಾದದ್ದು
ರೆಪ್ಪೆ ಬಡಿಯುವುದರೊಳಗೆ ಮುಗಿದಿರುತ್ತದೆ,
ಅದು ಮಾತ್ರ ಇದ್ದ ಹಾಗೇ ಇರುತ್ತದೆ.
ಬೀಗ, ಕೀಲಿ ಎಂದು ಬೋರ್ಡಿನ ಮೇಲೆ ಬರೆದಿದ್ದರು ಮೇಷ್ಟ್ರು.
ಆಮೇಲೆ ಅರ್ಧ ಅಳಿಸಿ
'ಬೀಗ ಅಂದರೆ ಪೂರಾ ಸರಿಯಲ್ಲ, ಕೈಕುಲುಕಿದ ಹಾಗೆ' ಅಂದರು.

ಅನಾನಸಿನ ರಸದಲ್ಲಿರುವುದಕ್ಕೆ
ಪ್ರೋಟೀನಿನ ಸರ ಹರಿಯುವುದಷ್ಟೇ ಗೊತ್ತು.
ಸರ ಮಾಂಸದ್ದೋ, ನಾಲಿಗೆಯದ್ದೋ,
ದ್ಯಾವಮ್ಮನ ಹೆಬ್ಬೆಟ್ಟಿನದ್ದೋ, ವಿಚಾರಿಸುವುದಿಲ್ಲ.
ದುಷ್ಟತನವಲ್ಲ. ಕೂತಿತು, ಕತ್ತರಿಸಿತು, ಅಷ್ಟೆ.
ತಾಯ ಹೊಟ್ಟೆಯಲ್ಲೇ ಬರೆಸಿಕೊಂಡು ಬಂದ ಗೆರೆ
ಸೀಸನ್ನಿಗೊಮ್ಮೆ ಅಳಿಯುತ್ತದೆ.

ಶೆಡ್ಡಿನ ಆ ತುದಿಯಲ್ಲಿ ಕೊಪ್ಪರಿಗೆ.
ಅಲ್ಲಿ ಚಕ್ರಗಳು ಸಕ್ಕರೆ ಪಾಕದಲ್ಲಿ ಬೇಯುತ್ತವೆ.
ಬೆಂದರೆ ಕಿಣ್ವದ ಮಡಿಕೆ ಬಿಚ್ಚುತ್ತದೆ, ಕುಳಿ ಕಳೆಯುತ್ತದೆ,
ಅದರ ಆಟ ಅಲ್ಲಿಗೆ ಮುಗಿಯಿತು.
ಡಬ್ಬಿಯ ಹಣ್ಣು ತಿಂದವರ ನಾಲಿಗೆ ಉರಿಯುವುದಿಲ್ಲ.
ಹಸಿಯದನ್ನು ಮುಟ್ಟುವವರು ಈ ತುದಿಯಲ್ಲಿ.

ಏಳನೇ ಸಲ. ಕೆಂಪು.
'ಒಟಿಪಿ ಬರ್ತದಾ?' ನಂಬರು ಗಂಡನದು.
ಸಿಮ್ಮು ಅವನ ಹಿಂದೆಯೇ ಹೋಗಿದೆ.
'ಎಂತ ಮಾಡೂದು ಮಾರಾಯ್ರೆ,' ನಗುತ್ತಾಳೆ,
'ನಾ ಒಂದು ಚೂರೂ ತಿಂದಿಲ್ಲ, ಹಣ್ಣೇ ನನ್ನ ತಿಂದದೆ.'

ಹಳೆಯ ರಿಜಿಸ್ಟರು ತೆಗೆದು ಇಂಕು ಹಚ್ಚಿ ಒತ್ತಿಸಿದೆ,
ನಿಯಮಕ್ಕಲ್ಲ, ನೋಡಬೇಕು ಅನ್ನಿಸಿ.
ಗೆರೆಯೇ ಇಲ್ಲ. ನೇರಳೆ ಹಣ್ಣು ಬಿದ್ದ ಕಲೆ.
ಅದರ ಮೇಲಿನ ಸಾಲಿನಲ್ಲಿ
ಫೆಬ್ರವರಿಯಲ್ಲಿ ನೆಟ್‌ವರ್ಕ್ ಹೋದ ದಿನ ಒತ್ತಿದ್ದು:
ಸುರುಳಿ ಸುರುಳಿ,
ವರದೆಯ ನೀರು ಕಲ್ಲು ಸುತ್ತಿ ಹೋದ ಹಾಗೆ.

ಕಾಯುತ್ತ, ಮೂಟೆಯ ತೂತಿನಿಂದ
ನಾಲ್ಕು ಕಾಳು ಬಾಯಿಗೆ ಹಾಕಿಕೊಂಡಳು.
ಅಭ್ಯಾಸ. ನಿಧಾನ ಜಗಿದಳು.
ಅಲ್ಲಿ, ಅವಳ ಜೊಲ್ಲಿನಲ್ಲಿ, ಇನ್ನೊಂದು ಕಿಣ್ವ
ಪಿಷ್ಟದ ಉದ್ದನೆಯ ಸರ ಹಿಡಿದಿರಬೇಕು,
ತುಂಡು ಮಾಡಿ ಮಾಡಿ ಸಿಹಿ ಬಿಡಿಸುತ್ತಿರಬೇಕು
ಕಾರ್ಡಿನ ಬಣ್ಣ ಕೇಳದೆ.
'ಅಕ್ಕಿ ಚಲೋ ಅದೆ ಈ ಸಲ' ಅಂದಳು.

ಜುಲೈ ಕಳೆದ ಮೇಲೆ ಬಾ ಅನ್ನಬೇಕಿತ್ತು.
ಅಷ್ಟರಲ್ಲಿ ಚರ್ಮ ಬಂದಿರುತ್ತದೆ;
ಕತ್ತರಿಸುವವು ಇದ್ದ ಹಾಗೆ ಕಟ್ಟುವವೂ ಇವೆ ಅವಳೊಳಗೆ,
ಒಳಪದರದ ನಕ್ಷೆ ನೋಡಿಕೊಂಡು
ಅದೇ ಗೆರೆ ಅದೇ ಜಾಗಕ್ಕೆ ಎಳೆಯುತ್ತವೆ.
ಹೇಳಲು ಬಾಯಿ ಬರಲಿಲ್ಲ.

ನನ್ನ ಕಾರ್ಡಿನ ನಂಬರು ಒತ್ತಿ
ನನ್ನ ಹೆಬ್ಬೆಟ್ಟು ಇಟ್ಟೆ.
ಒಂದೇ ಸಲಕ್ಕೆ ಹಸಿರು.
ಅವಳ ಚೀಲಕ್ಕೆ ಐದು ಕಿಲೋ ಸುರಿದು
ಬೆಳಕಿಗೆ ಬೆರಳು ಹಿಡಿದು ನೋಡಿದೆ:
ಹದಿನಾಲ್ಕು ವರ್ಷ ಇದೇ ಅಕ್ಕಿ, ಇದೇ ಕಿಟಕಿ,
ಒಂದು ಗೆರೆಯೂ ಸವೆದಿಲ್ಲ.