ಕುರ್ಚಿಯ ಮೇಲಿನ ಟವೆಲು

ಬಾಣಾವರದಲ್ಲಿ ಪ್ಯಾಸೆಂಜರು ಹತ್ತುವ ಮುಂಚೆ
ಅಂಗಡಿಯ ಬೀಗದ ಕೈ ಎರಡು ಸಲ ಮುಟ್ಟಿ ನೋಡಿಕೊಂಡರು.
ಹದಿನೇಳು ವರ್ಷದಲ್ಲಿ ಮೊದಲ ಸಲ
ಭಾನುವಾರವಲ್ಲದ ದಿನ ಷಟರ್ ಇಳಿದಿತ್ತು.
ಒಳಗೆ ಸುಟ್ಟ ಮೋಟಾರು ಮೂರು,
ಜೇಬಿನಲ್ಲಿ ತೆಂಗಿನ ತೋಟದವರ ಫೋನು ಹನ್ನೊಂದು.
"ಸ್ವಿಚಾಫ್ ಮಾಡಿ" ಅಂದೆ. ಮಾಡಿದರು.
ಮತ್ತೆ ಆನ್ ಮಾಡಿ
ಆಫಾಗಿದೆಯಾ ಎಂದು ನೋಡಿದರು.

ಕಡೂರಿನ ಕಾಲೇಜು ಮೈದಾನ, ಜನಪದ ಗಾಯನ ಮೇಳ.
ಶಾಮಿಯಾನದ ಕೆಂಪು ಮುಖಕ್ಕೆಲ್ಲ ಮೆತ್ತಿಕೊಂಡು
ನಲವತ್ತಾರರ ನಾನು, ಐವತ್ತೆರಡರ ಅವರು
ಆರತಿಗೆ ಕೂತವರ ಹಾಗೆ ಕಾಣುತ್ತಿದ್ದೆವು.
ಮೂರನೇ ಸಾಲು. ಕಾಲು ಸೀಳಿದ ಕುರ್ಚಿ ತಾವು ಇಟ್ಟುಕೊಂಡು
ಗಟ್ಟಿಯದನ್ನು ನನ್ನ ಕಡೆ ತಳ್ಳಿದರು.

ತಂಬೂರಿಯವರು ಬಂದರು, ಹೋದರು.
ಒಬ್ಬ ಮುದುಕ ಪದ ಮರೆತು ನಕ್ಕ,
ನಕ್ಕಿದ್ದೂ ತಾಳಕ್ಕೆ ಸರಿಯಾಗಿತ್ತು.
ಆಮೇಲೆ ಕೆಂಚಮ್ಮ, ಎಡಗಂಕುಳಲ್ಲಿ ಚೌಡಿಕೆ ಅವುಚಿ.
ಏಳು ಜನ ಅಣ್ಣಂದಿರ ಒಬ್ಬಳೇ ತಂಗಿ
ನಡುರಾತ್ರಿ ತವರಿನ ಬಾಗಿಲು ತಟ್ಟುವ ಕತೆ.
ಒಂದು ಸಲ ತಟ್ಟಿದಳು. ಎರಡನೇ ಸಲ ಕೈ ಎತ್ತಿದಳು.
ಕರೆಂಟು ಹೋಯಿತು.

ಜನರೇಟರು ಎರಡು ಸಲ ಕೆಮ್ಮಿ ಸುಮ್ಮನಾಯಿತು.
"ಇದನ್ನ ಬಲ್ಲೋರು ಯಾರಾದ್ರೂ ಇದ್ದೀರೇನ್ರಪ್ಪಾ?"
ಯಾರೋ ವೇದಿಕೆಯಿಂದ ಕೂಗಿದರು.
ಇವರು ಕೈಯಲ್ಲಿದ್ದ ಹಾಳೆ ಓದುತ್ತಾ ಕೂತರು.
ಓದುತ್ತಿದ್ದದ್ದು ತಲೆಕೆಳಗಾಗಿ.
ಹೋಗಿ ಅನ್ನಲಿಲ್ಲ ನಾನು, ಬೇಡ ಅಂತಲೂ ಅನ್ನಲಿಲ್ಲ.
ಟವೆಲು ಕುರ್ಚಿಯ ಮೇಲಿಟ್ಟು ಎದ್ದರು ಓಂಕಾರಪ್ಪನವರು.
ನನ್ನ ತಂಗಿಯ ಮದುವೆಯಲ್ಲೂ ಹೀಗೇ,
ಫೋಟೋದಲ್ಲಿ ಅವರಿಲ್ಲ,
ಆಲ್ಬಂ ತೆರೆದರೆ ಡೀಸೆಲ್ ವಾಸನೆ ಬಂದಂತಾಗುತ್ತದೆ.

"ಇಲ್ಲಿ ಯಾರಾದ್ರೂ ಇದಾರಾ?"
ಇದಾರೆ.
"ಇಲ್ಲಿ?"
ಇದಾರೆ.
ಮೂರನೆಯವನಿಗೆ, ಪಾಪ, ಬೈದೇಬಿಟ್ಟೆ.

ಕೆಂಚಮ್ಮ ಕಾಯಲಿಲ್ಲ.
ಸತ್ತ ಮೈಕನ್ನು ಮೊಣಕೈಯಿಂದ ಸರಿಸಿ
ವೇದಿಕೆಯ ಅಂಚಿಗೆ ಬಂದು ಕಾಲು ಇಳಿಬಿಟ್ಟು ಕೂತಳು.
ಇಡೀ ಮೈದಾನ ಕುರ್ಚಿ ಎಳೆದುಕೊಂಡು ಹತ್ತಿರವಾಯಿತು.
ನಾನು ಎರಡು ಎಳೆದೆ,
ಸೀಳಿದ್ದನ್ನೂ, ಟವೆಲಿನ ಸಮೇತ.
ಇಷ್ಟು ಹತ್ತಿರಕ್ಕೆ ಅವಳ ಉಸಿರೂ ಹಾಡೇ,
ತಂತಿಗೆ ಕಡ್ಡಿ ತಾಗುವ ಮುಂಚಿನ ಸಣ್ಣ ತಡವೂ ಹಾಡೇ.

ಕಾಯಿಲ್ ಸುತ್ತುವಾಗ ಎಣಿಕೆ ನನ್ನದು.
ಸುತ್ತುವುದು ಅವರು, ಲೆಕ್ಕ ತಪ್ಪದಂತೆ ಕಾಯುವುದು ನಾನು.
ಆ ಅಭ್ಯಾಸಕ್ಕೆ ಮೀಟಿನ ಎಣಿಕೆಯೂ ಹಿಡಿದುಕೊಂಡೆ,
ಯಾವ ಸಾಲಿಗೆ ಎಷ್ಟು, ಎಲ್ಲಿ ತಗ್ಗು, ಎಲ್ಲಿ ತಡೆ.
ಅಳು ಬಂತು. ಎಣಿಕೆ ಬಿಡಲಿಲ್ಲ.

ಆಗ ಹಿಂದಿನಿಂದ ಜನರೇಟರು ಗುಡುಗಿತು.
ಚಪ್ಪಾಳೆ. ಅದು ನನ್ನ ಗಂಡನಿಗೆ.
ಮೈಕು ಬಂತು, ಕೆಂಚಮ್ಮ ಹೋದಳು.
ನಿಂತು ಹಾಡುತ್ತಿದ್ದವಳು ಅವಳೇ,
ದನಿ ಮಾತ್ರ ಎರಡು ಕರಿ ಪೆಟ್ಟಿಗೆಯೊಳಗಿಂದ ಬರುತ್ತಿತ್ತು.

ಮಧ್ಯಾಹ್ನ ಪೂರಾ ಅವರು ಅಲ್ಲೇ, ಅದರ ಪಕ್ಕ.
ಬಿಟ್ಟರೆ ಮತ್ತೆ ನಿಲ್ಲುತ್ತಂತೆ.
ಚಿತ್ರಾನ್ನದ ಪೊಟ್ಟಣ ತಗೊಂಡು ಹೋದರೆ
ನನ್ನ ಮಾತು ಅವರಿಗಿಲ್ಲ, ಅವರ ಮಾತು ನನಗಿಲ್ಲ,
ಅಷ್ಟು ಸದ್ದು.
ಊರಿಗೆಲ್ಲ ಹಾಡು ಕೇಳಿಸಿದವರು
ಒಂದಕ್ಷರ ಕೇಳದೆ ತಿಂದು ಕೈ ಒರೆಸಿಕೊಂಡರು,
ಟವೆಲಿಲ್ಲದೆ, ನನ್ನ ಸೆರಗಿಗೆ.

ಸಂಜೆಯ ರೈಲಿನಲ್ಲಿ, ಕಲಾವಿದರಿಗೆಂದು ತಂದು
ಮಿಕ್ಕಿದ್ದ ಶಾಲು ಹೆಗಲ ಮೇಲಿತ್ತು.
"ಮೈಕು ಬಂದ್ಮೇಲೆ ಚೆನ್ನಾಗಿ ಕೇಳಿಸ್ತಾ ಪುಟ್ಟಗೌರಿ?"
"ಊರಿಗೇ ಕೇಳಿಸಿತು" ಅಂದೆ.
ಸುಳ್ಳಲ್ಲ.
ಶಾಲಿನ ಜರಿ ಹೊಸೆಯುತ್ತಾ ಕೇಳಿದರು:
"ಬಾಗಿಲು ತೆಗೆದ್ರಾ? ಎರಡನೇ ಸಲ ತಟ್ಟೋತನಕ ನಾನಿದ್ದೆ."

ಕಿವಿಗೆ ಬಾಯಿಟ್ಟು ಶುರುಮಾಡಿದೆ,
ಅವರ ತೊಡೆಯ ಮೇಲೆ ಬೆರಳಿನಿಂದ ಮೀಟು ಹಾಕುತ್ತಾ.
ಎದುರಿನ ಹುಡುಗಿ ಕಿಟಕಿಯ ಕಡೆ ತಿರುಗಿ ನಕ್ಕಳು.
ನಗಲಿ. ದೇವನೂರು ದಾಟಿತು.
ತಂಗಿ ಚಿಲಕ ಹಿಡಿದಳು, ಒಳಗೆ ದೀಪ ಅಲ್ಲಾಡಿತು,
ಬಾಣಾವರ ಬಂದೇ ಬಂತು.

ಇಳಿದವರೇ ಅಂಗಡಿಯತ್ತ ಬಿರುಸಾಗಿ ನಡೆದರು,
ಬೀಗ ಎಳೆದು ನೋಡಿದರು, ಭದ್ರ.
ಜೇಬಿನಿಂದ ಫೋನು ತೆಗೆದರು, ನೋಡಿದರು,
ಹಾಗೇ ಒಳಗಿಟ್ಟರು.
ಷಟರಿಗೆ ಬೆನ್ನು ಕೊಟ್ಟು, ಕತ್ತಲಲ್ಲಿ,
"ಹ್ಞೂಂ, ಆಮೇಲೆ?" ಅಂದರು.